ಕ್ಯಾಮೆರಾ, ರೆಕಾರ್ಡರ್, ಕಾಲ್ನಡಿಗೆ: ಕತ್ತಲೆಕಾನಿನ ಸುತ್ತ ಮೂರನ್ನೂ ಬಳಸಿ ನೋಡಿದೆ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಆಸುಪಾಸು, ಅನುಮತಿ ಪಡೆದ ತಂಡವೊಂದರ ಜೊತೆ ಸ್ವಯಂಸೇವಕನಾಗಿ ಎರಡು ವರ್ಷ ಓಡಾಡಿದೆ. ಇದು ಸಿಂಗಳೀಕದ ಸೀಮೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎನಿಸಿಕೊಂಡಿತು, 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿತು. ಕಾಡಿನಲ್ಲಿ ಏನೇನಿದೆ ಎಂದು ತಿಳಿಯಲು ಯಾವ ಉಪಾಯ ಒಳ್ಳೆಯದು ಎಂದು ಕೇಳುವವರಿಗೆ ನನ್ನ ಅನುಭವ ಇಷ್ಟು.

ಮೊದಲು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಹಾದಾಗ ತಾನೇ ಫೋಟೊ ತೆಗೆಯುವ ಪೆಟ್ಟಿಗೆ. ಎಲ್ಲರಿಗೂ ಇದರ ಮೇಲೇ ಮೋಹ, ನನಗೂ ಇತ್ತು. ಹುಲಿ ಎಣಿಸಲು ಇದಕ್ಕೆ ಸಾಟಿಯಿಲ್ಲ. ಒಂದೊಂದು ಹುಲಿಯ ಪಟ್ಟೆಯೂ ಬೇರೆ, ಅದರಿಂದಲೇ ಗುರುತು. ಎಡಮೈಯ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ, ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಕಟ್ಟುತ್ತಾರೆ. ತೊಂಬತ್ತರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹೀಗೆ ಲೆಕ್ಕ ಹಾಕಿ ತೋರಿಸಿದ್ದು. ಆದರೆ ನಮ್ಮದು ನಾಗರಹೊಳೆಯಲ್ಲ, ಬಿಸಿಲೇ ನೆಲ ಮುಟ್ಟದ ಕಾನು. ಮೊಣಕಾಲೆತ್ತರಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಪುನುಗುಬೆಕ್ಕು, ಮುಳ್ಳುಹಂದಿ, ಬರ್ಕ ಎಂಬ ಪುಟ್ಟ ಜಿಂಕೆ ಚೆನ್ನಾಗಿಯೇ ಸಿಕ್ಕವು. ನಲವತ್ತು ದಿನವಾದರೂ ಒಂದೇ ಒಂದು ಸಿಂಗಳೀಕ ಬೀಳಲಿಲ್ಲ. ಬೀಳುವುದಾದರೂ ಹೇಗೆ, ಅದು ನೆಲಕ್ಕಿಳಿಯುವುದೇ ಅಪರೂಪ! ಕಪ್ಪೆಯ ಕಥೆಯೂ ಅಷ್ಟೆ. ಈ ಪೆಟ್ಟಿಗೆ ಎಚ್ಚರಗೊಳ್ಳುವುದು ಮೈಬಿಸಿ ಎದುರಿಗೆ ಹಾದಾಗ. ತಣ್ಣಗಿನ ಕಪ್ಪೆ ಮುಂದೆ ಕುಣಿದರೂ ಅದಕ್ಕೆ ಗೊತ್ತಾಗದು. ಆದರೆ ಮಧ್ಯಾಹ್ನ ಎಲ್ಲೋ ತೂರಿ ಬಂದ ಬಿಸಿಲಿಗೆ ಕಾದ ಎಲೆಯೊಂದು ಅಲ್ಲಾಡಿತೆಂದರೆ ಮುನ್ನೂರು ಖಾಲಿ ಫೋಟೊ. ಮಳೆ ಹಿಡಿದ ಮೇಲೆ ಲೆನ್ಸಿಗೆ ಹನಿ, ಬ್ಯಾಟರಿ ಗೂಡಿನಲ್ಲಿ ಇರುವೆ ಸಂಸಾರ.

ಇಷ್ಟಾದ ಮೇಲೆ ಮೊದಲ ವರ್ಷದ ಪಟ್ಟಿಯಲ್ಲಿ ಸಿಂಗಳೀಕದ ಎದುರು ಯಾರೋ 'ಇಲ್ಲ' ಎಂದು ತುಂಬಿದ್ದರು. 'ಕಂಡಿಲ್ಲ' ಎನ್ನುವುದಕ್ಕೂ 'ಇಲ್ಲ' ಎನ್ನುವುದಕ್ಕೂ ಇರುವ ಅಂತರದಲ್ಲಿ ಒಂದು ಗುಡ್ಡವೇ ಸಂರಕ್ಷಣೆಯಿಂದ ಕೈಬಿಟ್ಟುಹೋಗಬಹುದು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ರೆಕಾರ್ಡರ್ ಬಗ್ಗೆ ನಾನು ಇಟ್ಟ ನಿರೀಕ್ಷೆ ಸಣ್ಣದು, ಸಿಕ್ಕಿದ್ದು ದೊಡ್ಡದು. ಆಡಿಯೊಮಾತ್ ಎಂಬ ಅಂಗೈಗಿಂತ ಚಿಕ್ಕ ಯಂತ್ರ, ಮೂರು ಪೆನ್ಸಿಲ್ ಸೆಲ್. ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ಕೇಳಿಸಿಕೊಳ್ಳುವಂತೆ ಹೊಂದಿಸಿ ರಾಂಪತ್ರೆ ಜಡ್ಡಿಯ, ಅಂದರೆ ಆ ಮರ ಬೆಳೆಯುವ ಜೌಗು ನೆಲದ, ಅಂಚಿಗೆ ಕಟ್ಟಿದೆವು. ಮಂಗಟ್ಟೆ, ಕೆಂಜಳಿಲು ಸಲೀಸಾಗಿ ಬಂದವು. ನನಗೆ ಬೇಕಾಗಿದ್ದದ್ದು ಕುಂಬಾರ ಕಪ್ಪೆ. 2014ರಲ್ಲಿ ಕಪ್ಪೆ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಈ ಕಾಡಿನಿಂದಲೇ ಹೆಸರಿಟ್ಟು ಲೋಕಕ್ಕೆ ತೋರಿಸಿದ ಕಪ್ಪೆ. ಗಂಡು ಹಳ್ಳದಿಂದ ಕೆಸರು ತಂದು, ಕಡ್ಡಿಗಂಟಿದ ಮೊಟ್ಟೆಗಳಿಗೆ ಮುಂಗೈಯಿಂದ ಬಳಿಯುತ್ತದೆ. ಅದನ್ನು ಕಣ್ಣಾರೆ ನೋಡಬೇಕೆಂದು ಟಾರ್ಚ್ ಹಿಡಿದು ಮೂರು ರಾತ್ರಿ ಉಂಬಳಕ್ಕೆ ರಕ್ತದಾನ ಮಾಡಿ ಬರಿಗೈಲಿ ಬಂದಿದ್ದೆ. ಯಂತ್ರ ನಾನಿಲ್ಲದ ಹೊತ್ತಿನಲ್ಲಿ ಅದರ ಕೂಗು ಹಿಡಿದಿಟ್ಟಿತ್ತು. ತೊಂದರೆ ಬೇರೆ ಕಡೆ ಇದೆ: ಮುಸ್ಸಂಜೆ ಜೀರುಂಡೆ ಶುರುವಾದರೆ ಉಳಿದದ್ದೆಲ್ಲ ಮುಳುಗುತ್ತದೆ, ಜೋರು ಮಳೆಯಲ್ಲಂತೂ ಕೇಳುವುದೇ ಬೇಡ. ಒಂದು ವಾರದ ಸದ್ದನ್ನು ಕುಳಿತು ಕೇಳಲು ನನಗೆ ಒಂದು ತಿಂಗಳು ಹಿಡಿಯಿತು. ಎಷ್ಟು ಕಪ್ಪೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲ. ಕೂಗಿದ್ದು ಒಂದೇ ಹತ್ತು ಸಲವೋ, ಹತ್ತು ಒಂದೊಂದು ಸಲವೋ.

ಇನ್ನು ನಡಿಗೆ. ಎರಡು ಕಿಲೋಮೀಟರ್ ನೇರ ಗೆರೆ, ಬೆಳಗಿನ ಹೊತ್ತು, ಕಂಡ ಪ್ರಾಣಿ ಗೆರೆಯಿಂದ ಎಷ್ಟು ದೂರ ಎಂದು ಬರೆದುಕೊಳ್ಳುವುದು. ಸಾಂದ್ರತೆ, ಅಂದರೆ ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿ ಎಂದು, ಹೇಳಬೇಕಾದರೆ ಒಂದು ಜಾತಿಗೆ ಅರವತ್ತು-ಎಂಬತ್ತು ಸಲವಾದರೂ ಕಾಣಬೇಕು. ಬಂಡೀಪುರದ ಚುಕ್ಕೆ ಜಿಂಕೆಗೆ ಅದು ದೊಡ್ಡ ಮಾತಲ್ಲ. ಇಲ್ಲಿ ಇಡೀ ಬೇಸಿಗೆ ನಡೆದು ನನಗೆ ಸಿಂಗಳೀಕ ಸಿಕ್ಕಿದ್ದು ನಾಲ್ಕೇ ಸಲ. ಲೆಕ್ಕಕ್ಕೆ ಏನೂ ಸಾಲದು. ಆದರೂ ಈ ಸೀಮೆಯಲ್ಲಿ ಸಿಂಗಳೀಕದ 32 ಗುಂಪುಗಳಿವೆ ಎಂದು ಸಂಶೋಧಕರಾದ ಎಚ್. ಎನ್. ಕುಮಾರ, ಮೇವಾ ಸಿಂಗ್ 2004ರಲ್ಲಿ ಬರೆದದ್ದು ಕಾಡು ಸುತ್ತಿಯೇ ತಾನೆ.

ಆ ನಾಲ್ಕರಲ್ಲಿ ಒಂದು ಕಾಡು ಕಾಯುವ ವಾಚರಣ್ಣನ ಕೃಪೆ. ನಾನು ಕತ್ತು ನೋಯುವಷ್ಟು ಮೇಲೆ ನೋಡುತ್ತಿದ್ದೆ. ಅವರು ತರಗೆಲೆ ಸರಿಸಿ ಕಚ್ಚಿ ಬಿಸಾಡಿದ ಉಪ್ಪಾಗೆ ಕಾಯಿ ಎತ್ತಿದರು. ಹಲ್ಲಿನ ಗುರುತು ಹಸಿಯಾಗಿತ್ತು, ಇನ್ನೂ ಕಪ್ಪಾಗಿರಲಿಲ್ಲ. "ಮೇಲೆ ಯಾಕ್ ನೋಡ್ತ್ರಿ, ಇದನ್ ನೋಡಿ. ಈಗಷ್ಟೇ ಹೋಗ್ಯಾವೆ." ಅಲ್ಲೇ ಕುಳಿತೆವು. ಅರ್ಧ ಗಂಟೆಯಲ್ಲಿ ಕೊಂಬೆ ಅಲುಗಿತು. ಕರಿ ಮುಖ, ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಎಣಿಸಿದಷ್ಟು ಹದಿನಾಲ್ಕು, ಒಂದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಮರಿ ಇರುವುದನ್ನು ನನ್ನ ಯಾವ ಯಂತ್ರವೂ ಹೇಳಿರಲಿಲ್ಲ.

ಹಾಗಾಗಿ ಈ ಸಲದ ಹಂಚಿಕೆ ಬೇರೆ. ಜಡ್ಡಿಗೆ ಎರಡು ರೆಕಾರ್ಡರ್. ಹನ್ನೆರಡರ ಬದಲು ಎರಡೇ ಕ್ಯಾಮೆರಾ, ಅವೂ ಹಳ್ಳಕ್ಕೆ ಅಡ್ಡ ಬಿದ್ದ ಮರದ ಎದುರು. ಉಳಿದ ದುಡ್ಡು ಉಪ್ಪಾಗೆ ಕೊಯ್ಯುವ ಕಾಲದಲ್ಲಿ ವಾಚರಣ್ಣನ ಜೊತೆ ಇಪ್ಪತ್ತು ದಿನ ನಡೆಯುವುದಕ್ಕೆ.