ಫ್ರೆಂಡಿಗೆ ಕಣ್ಣು ಹೋದ್ಮೇಲೆ ಅವನ ಫೋನಲ್ಲಿ ಟಾಕ್‌ಬ್ಯಾಕ್: ಕನ್ನಡದಲ್ಲಿ ಹೇಗಿದೆ, ಎಲ್ಲಿ ಕೈ ಕೊಡುತ್ತೆ

ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಅಂತ ಒಂದಿದೆ. ಮನೇಲಿ ಮಗು ಏನೋ ಒತ್ತಿ, ಫೋನ್ ತಾನೇ ಮಾತಾಡಕ್ಕೆ ಶುರು ಮಾಡಿ, ಏನು ಮುಟ್ಟಿದ್ರೂ ಓಪನ್ ಆಗ್ದೆ ಮೊಬೈಲ್ ಅಂಗಡಿಗೆ ಓಡಿದಾಗ ಮಾತ್ರ ಹೆಚ್ಚಿನವ್ರು ಇದರ ಹೆಸರು ಕೇಳಿರ್ತಾರೆ. ಕಣ್ಣು ಕಾಣದವ್ರು ಫೋನ್ ಬಳಸೋಕೆ ಅಂತಲೇ ಇರೋದು ಇದು. ಬೆರಳಿಟ್ಟ ಕಡೆ ಏನಿದೆ ಅಂತ ಓದಿ ಹೇಳುತ್ತೆ, ಎರಡು ಸಲ ತಟ್ಟಿದ್ರೆ ಓಪನ್ ಮಾಡುತ್ತೆ. ದುಡ್ಡು ಕೊಡ್ಬೇಕಾಗಿಲ್ಲ, ಜಾಸ್ತಿ ಫೋನಲ್ಲಿ ಮೊದಲೇ ಇರುತ್ತೆ, ಇಲ್ದಿದ್ರೆ ಪ್ಲೇ ಸ್ಟೋರಲ್ಲಿ ಆಂಡ್ರಾಯ್ಡ್ ಆಕ್ಸೆಸಿಬಿಲಿಟಿ ಸೂಟ್ ಅಂತ ಹುಡುಕಿ ಹಾಕ್ಕೊಬೇಕು. ನಮ್ಮ ಕಡೆಯವ್ರು ಕನ್ನಡದಲ್ಲಿ ಇದರ ಬಗ್ಗೆ ಬರೆದಿದ್ದು ನನಗೆ ಕಾಣಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನನ್ನ ಫ್ರೆಂಡ್ ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರು. ಬೈಕ್ ಸ್ಕಿಡ್ ಆಗಿ ಹಣೆ ಹುಬ್ಬಿಗೆ ಜೋರಾಗಿ ಪೆಟ್ಟು ಬಿತ್ತು. ಕಣ್ಣಿನ ಗುಡ್ಡೆಗೆ ಒಂದು ಗೀರೂ ಇಲ್ಲ, ಆದ್ರೆ ಕಣ್ಣಿಂದ ಮೆದುಳಿಗೆ ಹೋಗೋ ಆಪ್ಟಿಕ್ ನರಕ್ಕೆ ಎರಡೂ ಕಡೆ ಏಟಾಗಿದೆ. ಬಲಗಣ್ಣಲ್ಲಿ ಏನೂ ಇಲ್ಲ, ಎಡಗಣ್ಣಲ್ಲಿ ಲೈಟ್ ಹಾಕಿದಾರೋ ಇಲ್ವೋ ಅನ್ನೋದು ಗೊತ್ತಾಗುತ್ತೆ ಅಷ್ಟೇ. ಆ ನರ ಒಂದ್ಸಲ ಸತ್ರೆ ಮತ್ತೆ ಬೆಳೆಯಲ್ಲ. ನೋಡೋಕೆ ಬಂದವ್ರೆಲ್ಲ ಯಾರಾದ್ರೂ ಕಣ್ಣು ದಾನ ಮಾಡಿದ್ರೆ ಆಗಲ್ವಾ ಅಂತ ಕೇಳ್ತಾರೆ, 2021ರಲ್ಲಿ ಅಪ್ಪು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂದಿದ್ದು ಎಲ್ರಿಗೂ ನೆನಪಿದೆಯಲ್ಲ, ಆದ್ರೆ ಅಲ್ಲಿ ಹಾಕಿದ್ದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ನರ ಬದಲಾಯಿಸೋಕೆ ಆಗಲ್ಲ. ಇದನ್ನ ಮನೆಯವ್ರು ದಿನಾ ಒಬ್ಬೊಬ್ರಿಗೂ ಬಿಡಿಸಿ ಹೇಳ್ಬೇಕು, ಕೇಳಿ ಕೇಳಿ ಅವನಿಗೂ ಸಾಕಾಗುತ್ತೆ. ಇನ್ನೂ ಒಂದಿದೆ, ಕಣ್ಣು ನೋಡಕ್ಕೆ ಮೊದಲಿನ ಹಾಗೇ ಇರೋದ್ರಿಂದ ಬಂದವ್ರು ಮುಖದ ಮುಂದೆ ಕೈ ಆಡಿಸಿ "ಎಷ್ಟು ಬೆರಳು ಹೇಳು ನೋಡಾಣ" ಅಂತಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡ್ಬೇಡಿ. ಅವನು ನಗ್ತಾನೆ, ಆಮೇಲೆ ಅವತ್ತು ಪೂರ್ತಿ ಮಾತಾಡಲ್ಲ.

ಆಸ್ಪತ್ರೆಯಿಂದ ಬಂದ್ಮೇಲೆ ಅವನ ಫೋನ್ ಬೇರೆಯವ್ರ ಕೈಗೆ ಹೋಯ್ತು. ಫೋನ್ ಬಂದ್ರೆ ಅತ್ತಿಗೆ ಎತ್ತಿ ಅವನ ಕಿವಿಗೆ ಇಡೋದು, ಮೆಸೇಜ್ ಬಂದ್ರೆ ಎಸ್ಸೆಸ್ಸೆಲ್ಸಿ ಓದೋ ಅಕ್ಕನ ಮಗ ಓದಿ ಹೇಳೋದು. ಒಂದು ಸಂಜೆ ನೆಂಟರೆಲ್ಲ ಹಾಲಲ್ಲಿ ಕಾಫಿ ಕುಡೀತಾ ಕೂತಿರೋವಾಗ ಸೊಸೈಟಿ ಸಾಲದ ಕಂತು ಬಾಕಿ ಇದೆ ಅನ್ನೋ ಮೆಸೇಜ್ ಬಂತು, ಆ ಹುಡುಗ ಪಾಪ ಪಾಠ ಓದೋ ಹಾಗೆ ಜೋರಾಗಿ ಪೂರ್ತಿ ಓದಿಬಿಟ್ಟ, ಮೊತ್ತ ಸಮೇತ. ಯಾರೂ ಏನೂ ಅನ್ನಲಿಲ್ಲ. ನನ್ನ ಫ್ರೆಂಡ್ ಮಾತ್ರ ಎದ್ದು ಗೋಡೆ ಹಿಡ್ಕೊಂಡು ಒಳಗೆ ಹೋದ. ನಾನು ಅವತ್ತು ರಾತ್ರಿಯೇ ಕೂತು ಈ ಟಾಕ್‌ಬ್ಯಾಕ್ ಏನು ಎತ್ತ ಅಂತ ನೋಡಕ್ಕೆ ಶುರು ಮಾಡಿದ್ದು. ಕಣ್ಣು ಹೋದವ್ನಿಗೆ ಊಟ ಬಟ್ಟೆ ಎಲ್ಲ ಮನೆಯವ್ರು ನೋಡ್ಕೋತಾರೆ, ಅವನ ಸ್ವಂತ ವಿಷಯ ಅವನ ಹತ್ರನೇ ಇರೋ ಹಾಗೆ ಮಾಡಿಕೊಡೋದು ಫ್ರೆಂಡ್ಸ್ ಕೆಲಸ ಅಂತ ನನಗೆ ಅನ್ಸುತ್ತೆ.

ಸೆಟ್ ಮಾಡೋದು ಹೀಗೆ. ಆನ್ ಮಾಡೋಕೆ ಮುಂಚೆ ಸ್ಪೀಚ್ ಸರ್ವಿಸಸ್ ಬೈ ಗೂಗಲ್ ಅನ್ನೋ, ಅಕ್ಷರನ ಮಾತಾಗಿ ಓದೋ ಆ್ಯಪಲ್ಲಿ (ಈಗ ಸ್ಪೀಚ್ ರೆಕಗ್ನಿಷನ್ ಅಂಡ್ ಸಿಂಥೆಸಿಸ್ ಅಂತಲೂ ಹೆಸರಿರುತ್ತೆ) ಕನ್ನಡ ವಾಯ್ಸ್ ಡೌನ್‌ಲೋಡ್ ಮಾಡಿ ಇಡಿ. ಇದು ಮುಖ್ಯ, ಒಂದ್ಸಲ ಇಳಿಸಿಕೊಂಡ್ರೆ ನೆಟ್ ಇಲ್ದೇನೂ ಓದುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ, ಆಗ್ಲೂ ಇದು ನಿಲ್ಲಲ್ಲ. ಮಾತಿನ ಸ್ಪೀಡ್ ಪೂರ್ತಿ ಕಮ್ಮಿ ಮಾಡಿ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಆನ್ ಆಫ್ ಆಗೋ ಶಾರ್ಟ್‌ಕಟ್ ಹಾಕಿಡಿ, ಯಾಕಂದ್ರೆ ಮನೇಲಿ ಬೇರೆ ಯಾರೋ ಅವನ ಫೋನ್ ಬಳಸೋಕೆ ಆಫ್ ಮಾಡಿ ಹಾಗೇ ಬಿಟ್ಟು ಹೋದ್ರೆ ಅವನು ಯಾರನ್ನೂ ಕರೀದೇ ತಾನೇ ಆನ್ ಮಾಡ್ಕೊಬೇಕು.

ಕೈ ಆಡಿಸೋ ರೀತಿ ಪೂರ್ತಿ ಬೇರೆ. ಒಂದು ಬೆರಳಲ್ಲಿ ಬಲಕ್ಕೆ ಸವರಿದ್ರೆ ಮುಂದಿನದು, ಎಡಕ್ಕೆ ಸವರಿದ್ರೆ ಹಿಂದಿನದು, ಎರಡು ಸಲ ತಟ್ಟಿದ್ರೆ ಓಪನ್, ಸ್ಕ್ರೋಲ್ ಮಾಡೋಕೆ ಎರಡು ಬೆರಳು. ಫೋನ್ ಬಂದ್ರೆ ಎರಡು ಬೆರಳಲ್ಲಿ ಎರಡು ಸಲ ತಟ್ಟಿದ್ರೆ ಎತ್ತುತ್ತೆ, ಮಾತು ಮುಗಿದ್ಮೇಲೆ ಮತ್ತೆ ಹಾಗೇ ತಟ್ಟಿದ್ರೆ ಕಟ್ ಆಗುತ್ತೆ, ಮೊದಲು ಇದೊಂದನ್ನ ಕಲಿಸಿ. ಅದಕ್ಕೂ ಮುಂಚೆ ನೀವು ಕಲೀಬೇಕು. ಟಾಕ್‌ಬ್ಯಾಕ್ ಮೆನುವಲ್ಲಿ ಸ್ಕ್ರೀನ್ ಕಪ್ಪು ಮಾಡೋ ಆಪ್ಶನ್ ಇದೆ, ಅದನ್ನ ಹಾಕ್ಕೊಂಡು ನಿಮ್ಮ ಫೋನಲ್ಲಿ ಒಬ್ಬರಿಗೆ ಫೋನ್ ಮಾಡಿ, ಒಂದು ಮೆಸೇಜ್ ಓದಿ. ಆಗಲೇ ನಿಮಗೆ "ಇಲ್ಲಿ ಒತ್ತು, ಅಲ್ಲಿ ಒತ್ತು" ಅನ್ನೋ ಮಾತು ಅವನಿಗೆ ಪ್ರಯೋಜನ ಇಲ್ಲ, "ಬಲಕ್ಕೆ ಸವರು, ವಾಟ್ಸಾಪ್ ಅನ್ನೋವರೆಗೂ ಸವರು" ಅಂತ ಹೇಳ್ಬೇಕು ಅಂತ ಗೊತ್ತಾಗೋದು. ಅವನಿಗೆ ಲೇಟಾಗುತ್ತೆ. ಆಗ ಫೋನ್ ಅವನ ಕೈಯಿಂದ ಇಸ್ಕೊಳೋಕೆ ಹೋಗ್ಬೇಡಿ, ಕೂತಿರಿ. ಒಂದು ಮೆಸೇಜಿಗೆ ಅರ್ಧ ಗಂಟೆ ಆದ್ರೂ ಸರಿ.

ಅವನ ತೋರುಬೆರಳು ಮೊದಮೊದಲು ಗ್ಲಾಸ್ ಮೇಲೆ ನಡುಗ್ತಿತ್ತು, ಮೆತ್ತಗೆ ಎಳೆದ್ರೆ ಅದು ಸವರಿದ್ದು ಅಂತ ತಗೊಳಲ್ಲ, ಬೆರಳಿನ ಕೆಳಗಿರೋದನ್ನ ಓದ್ಕೊಂಡು ಹೋಗುತ್ತೆ, ಅವನಿಗೆ ಸಿಟ್ಟು ಬಂದು ಫೋನ್ ಮಂಚದ ಮೇಲೆ ಎಸೀತಿದ್ದ. ಚುರುಕಾಗಿ, ನೊಣ ಓಡಿಸೋ ಹಾಗೆ ಸವರ್ಬೇಕು ಅಂತ ಹೇಳಿದ್ಮೇಲೆ ಹಿಡಿತ ಸಿಕ್ತು. ಈಗ ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಅವನ ಮೆಸೇಜ್ ಅವನೇ ಕೇಳ್ತಾನೆ, ಸಾಲದ್ದೂ ಸೇರಿ, ಅತ್ತಿಗೆಗೆ ಹೇಳ್ಬೇಕಾದ್ದು ಹೇಳ್ತಾನೆ. ಒಂದೇ ಕಿವಿಗೆ ಹಾಕ್ಕೊಳೋದು ಯಾಕಂದ್ರೆ ಇನ್ನೊಂದು ಕಿವಿ ಮನೆ ಕಡೆಗೆ ಬೇಕು, ಯಾರು ಬಂದ್ರು, ನಾಯಿ ಎಲ್ಲಿದೆ, ಒಲೆ ಮೇಲೆ ಏನು ಉಕ್ತಿದೆ, ಎಲ್ಲ ಈಗ ಕಿವಿಯಲ್ಲೇ.

ಟಾಕ್‌ಬ್ಯಾಕ್ ಬಂದಿದ್ದು 2009ರಲ್ಲಿ, ಆಂಡ್ರಾಯ್ಡ್ 1.6 ಜೊತೆ. ಆ ಶುರುವಿನ ಕೆಲಸದಲ್ಲಿ ಮುಖ್ಯವಾಗಿ ಇದ್ದವ್ರು ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್, 14ನೇ ವಯಸ್ಸಲ್ಲಿ ಗ್ಲುಕೋಮಾದಿಂದ ಪೂರ್ತಿ ಕಣ್ಣು ಕಳ್ಕೊಂಡು ಆಮೇಲೆ ಐಐಟಿ ಬಾಂಬೆಯಲ್ಲಿ ಓದಿ ಗೂಗಲ್ ಸೇರಿದವ್ರು. ಇದನ್ನ ಹೇಳಿದಾಗ ಅವನು ಸುಮಾರು ಹೊತ್ತು ಸುಮ್ಮನಿದ್ದು "ಇದನ್ನ ಮಾಡಿದವ್ರಿಗೂ ಕಾಣ್ತಿರ್ಲಿಲ್ವಾ ಮಾರಾಯ" ಅಂದ. ನಾವೆಲ್ಲ ಹೇಳಿದ ಧೈರ್ಯಕ್ಕಿಂತ ಅದು ಜಾಸ್ತಿ ಕೆಲಸ ಮಾಡ್ತು.

ಇನ್ನು ಕೈ ಕೊಡೋ ಜಾಗ. ದೊಡ್ಡ ತೊಂದ್ರೆ ನಾವು ಟೈಪ್ ಮಾಡೋ ರೀತಿದು. ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೀತೀವಲ್ಲ, ಅದನ್ನ ಟಾಕ್‌ಬ್ಯಾಕ್ ಇಂಗ್ಲಿಷ್ ಅಂದ್ಕೊಂಡು ಓದುತ್ತೆ, "ಮಗಾ ಎಲ್ಲಿದೀಯಾ, ಊಟ ಆಯ್ತಾ" ಅನ್ನೋದು ಯಾವುದೋ ದೇಶದ ಭಾಷೆ ತರ ಕೇಳುತ್ತೆ, ಒಂದಕ್ಷರ ಅರ್ಥ ಆಗಲ್ಲ. ಅದೇ ಕನ್ನಡ ಅಕ್ಷರದಲ್ಲಿ ಕಳಿಸಿದ್ರೆ ಒತ್ತಕ್ಷರ ಎಲ್ಲ ಚೆನ್ನಾಗಿ ಓದುತ್ತೆ, ರಾಗ ಮಾತ್ರ ಸ್ವಲ್ಪ ಸಪ್ಪೆ. ಹಾಗಾಗಿ ನಮ್ಮ ಗ್ರೂಪಲ್ಲಿ ಎಲ್ರಿಗೂ ಹೇಳಿದೀನಿ, ಕನ್ನಡದಲ್ಲಿ ಟೈಪ್ ಮಾಡಿ ಇಲ್ಲ ವಾಯ್ಸ್ ಮೆಸೇಜ್ ಹಾಕಿ ಅಂತ. ಎಲ್ರೂ ಒಪ್ಪಿದಾರೆ, ಇಬ್ರು ಇನ್ನೂ ಮರೀತಾರೆ. ಅವನು ಉತ್ತರ ಬರೆಯೋಕೆ ಕನ್ನಡ ಕೀಬೋರ್ಡಲ್ಲಿ ಅಕ್ಷರ ಹುಡುಕೋದು ತುಂಬಾ ಕಷ್ಟ, ಮೈಕ್ ಒತ್ತಿ ಮಾತಾಡಿದ್ರೆ ಅದೇ ಕನ್ನಡದಲ್ಲಿ ಬರ್ಕೊಳುತ್ತೆ, ಕಳಿಸೋ ಮುಂಚೆ ಒಂದ್ಸಲ ಓದಿಸಿ ಕೇಳ್ಬೇಕು.

ಎರಡನೇದು, ಹೆಸರಿಲ್ಲದ ಬಟನ್‌ಗಳು. ಆ್ಯಪ್ ಮಾಡಿದವ್ರು ಬಟನ್‌ಗೆ ಹೆಸರು ಬರೆದಿಲ್ಲ ಅಂದ್ರೆ ಟಾಕ್‌ಬ್ಯಾಕ್ ಏನು ಹೇಳುತ್ತೆ, "ಬಟನ್" ಅನ್ನುತ್ತೆ ಅಷ್ಟೇ. ಅವನ ಬ್ಯಾಂಕಿನ ಆ್ಯಪಲ್ಲಿ ಒಂದೇ ಪೇಜಲ್ಲಿ ಸಾಲಾಗಿ ಬಟನ್, ಬಟನ್, ಬಟನ್. ದುಡ್ಡಿನ ವಿಷಯದಲ್ಲಿ ಹೀಗೆ ಮಾಡ್ತಾರಲ್ಲ ಅಂತ ನನಗೆ ತುಂಬಾ ಬೇಜಾರಾಯ್ತು. ಟಾಕ್‌ಬ್ಯಾಕ್ ಮೆನುವಲ್ಲೇ ನಾವು ಅಂಥ ಬಟನ್‌ಗೆ ಹೆಸರು ಹಾಕೋ ಸೌಲಭ್ಯ ಇದೆ, ಕೆಲವಕ್ಕೆ ಹಾಕಿಕೊಟ್ಟೆ, ಕೆಲವು ತಗೊಳಲ್ಲ. ಯುಪಿಐ ಪಿನ್ ಹಾಕೋವಾಗ ಇಯರ್‌ಫೋನ್ ಇರ್ಲೇಬೇಕು, ಇಲ್ಲಾಂದ್ರೆ ಬೆರಳಿಟ್ಟ ನಂಬರನ್ನ ಅಂಗಡಿ ತುಂಬಾ ಕೇಳೋ ಹಾಗೆ ಹೇಳ್ಬಿಡಬಹುದು.

ಮಳೆ ಬಂದ್ರೆ ಒದ್ದೆ ಬೆರಳಿಗೆ ಟಚ್ ಕೇಳಲ್ಲ. ಶೀಟ್ ಮನೆ ಆದ್ರೆ ಆಷಾಢದ ಮಳೆ ಸದ್ದಲ್ಲಿ ಫೋನ್ ಏನು ಹೇಳ್ತಿದೆ ಅಂತಲೂ ಕೇಳಲ್ಲ.

ನೋಟು ಗುರುತು ಹಿಡಿಯೋಕೆ ರಿಸರ್ವ್ ಬ್ಯಾಂಕಿನ ಮಣಿ ಅನ್ನೋ ಆ್ಯಪ್ ಇದೆ, 2020ರ ಜನವರಿಯಲ್ಲಿ ಬಿಟ್ಟಿದ್ದು, ಇದಕ್ಕೂ ನೆಟ್ ಬೇಡ, ಕ್ಯಾಮೆರಾ ಮುಂದೆ ಹಿಡಿದ್ರೆ ಎಷ್ಟರ ನೋಟು ಅಂತ ಹೇಳುತ್ತೆ. ಅಸಲಿಯೋ ನಕಲಿಯೋ ಅನ್ನೋದು ಮಾತ್ರ ಹೇಳಲ್ಲ. ಕೈಯಲ್ಲೂ ಗೊತ್ತಾಗುತ್ತೆ, ಹೊಸ 500ರ ನೋಟಿನ ಎರಡೂ ಅಂಚಲ್ಲಿ ಐದು ಉಬ್ಬು ಗೆರೆ, 100ರದ್ದಕ್ಕೆ ನಾಲ್ಕು, 200ರದ್ದಕ್ಕೆ ನಾಲ್ಕು ಗೆರೆ ಮಧ್ಯೆ ಎರಡು ವೃತ್ತ. ಸಂತೇಲಿ ತಿರುಗಿ ತಿರುಗಿ ಸವೆದ ನೋಟಲ್ಲಿ ಗೆರೆ ಸಿಗಲ್ಲ, ಆಗ ಅಳತೆ ನೋಡ್ಬೇಕು, 500ರದ್ದು 150 ಮಿಲಿಮೀಟರ್ ಉದ್ದ, 200ರದ್ದು 146. ಎಸ್ಟೇಟಲ್ಲಿ ಬಟವಾಡೆ ಎಣಿಸಿ ಎಣಿಸಿ ಪಳಗಿದ ಕೈ ಅವನದು, ನಾನಿನ್ನೂ ಕಣ್ಮುಚ್ಚಿ ತಡಕಾಡ್ತಿರ್ತೀನಿ, ಅವನು ಹೇಳಿಯೇ ಬಿಡ್ತಾನೆ.

ಟಾಕ್‌ಬ್ಯಾಕ್‌ಗೆ ಸಂಬಂಧ ಇಲ್ದೇ ಇದ್ರೂ ಇದೊಂದು ಹೇಳ್ಲೇಬೇಕು. ಸ್ವಲ್ಪ ದಿನದಲ್ಲಿ ಅವನಿಗೆ ಇಲ್ಲದ್ದೆಲ್ಲ ಕಾಣೋಕೆ ಶುರುವಾಯ್ತು, ಗೋಡೆ ಮೇಲೆ ರಂಗೋಲಿ ತರ ಚುಕ್ಕಿ ಗೆರೆ, ಒಂದೊಂದ್ಸಲ ಮುಖಗಳು. ಅವರಮ್ಮ ದೃಷ್ಟಿ ತೆಗೆಸಿದ್ರು, ನೆಂಟರು ತಲೆಗೆ ಪೆಟ್ಟು ಬಿದ್ದು ಬುದ್ಧಿಗೆ ಏನೋ ಆಗಿದೆ ಅಂದ್ರು, ಅವನು ಹೆದರಿ ಯಾರಿಗೂ ಹೇಳೋದೇ ಬಿಟ್ಟ. ಡಾಕ್ಟ್ರನ್ನ ಕೇಳಿದಾಗ ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತಾರೆ, ಕಣ್ಣಿಂದ ಬರೋ ಸಿಗ್ನಲ್ ನಿಂತಾಗ ಮೆದುಳು ತಾನೇ ಚಿತ್ರ ಮಾಡ್ಕೊಳುತ್ತೆ, ಹುಚ್ಚಲ್ಲ ಅಂದ್ರು. 1760ರಲ್ಲೇ ಒಬ್ಬ ಸ್ವಿಸ್ ವಿಜ್ಞಾನಿ ತನ್ನ ತಾತನಿಗೆ ಹೀಗಾಗಿದ್ದನ್ನ ಬರೆದಿಟ್ಟಿದಾನಂತೆ. ತಲೆಗೆ ಏಟು ಬಿದ್ದವ್ರಿಗೆ ಹೀಗಾದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು, ಆದ್ರೆ ಹೆಸರು ಗೊತ್ತಾದ್ಮೇಲೆ ಅವನ ಅರ್ಧ ಭಯ ಹೋಯ್ತು. ಜೊತೇಲಿ ನಡೆಯೋವಾಗ ಅವನ ಕೈ ಹಿಡಿದು ಎಳೀಬೇಡಿ, ನಿಮ್ಮ ಮೊಣಕೈ ಅವನು ಹಿಡ್ಕೊಳ್ಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಚಿಕ್ಕಮಗಳೂರಿನ ಐ.ಜಿ. ರೋಡಲ್ಲಿ ಸಂಜೆ ಜನದ ಮಧ್ಯೆ ನಾವು ಹೀಗೇ ನಡೀತೀವಿ, ಮೆಟ್ಟಿಲು ಬಂದ್ರೆ ಹತ್ತೋದಾ ಇಳಿಯೋದಾ ಅಂತ ಮೊದಲೇ ಹೇಳ್ತೀನಿ.

ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಅನ್ನೋ ಗುರುತಿನ ಕಾರ್ಡಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿ, ಕೆಎಸ್‌ಆರ್‌ಟಿಸಿ ಪಾಸ್ ತರದವಕ್ಕೆಲ್ಲ ಅದು ಬೇಕು. ಓದೋ ಹುಚ್ಚಿರೋರಿಗೆ ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯವ್ರ ಹತ್ರ ಕನ್ನಡ ಆಡಿಯೋ ಪುಸ್ತಕಗಳಿವೆ, 1990ರಿಂದ ನಡೀತಿರೋ ಸಂಸ್ಥೆ ಅದು.

ಟಾಕ್‌ಬ್ಯಾಕ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕಟ್ ಮಾಡಿದ ಒಂದು, ಕಲಿಸೋ ಟ್ಯುಟೋರಿಯಲ್ ಹಳ್ಳಿಯವ್ರಿಗೆ ಕೇಳಿ ಅರ್ಥ ಆಗೋ ಕನ್ನಡದಲ್ಲಿ ಇಲ್ಲ, ಪಕ್ಕದಲ್ಲಿ ಒಬ್ರು ಕೂರದೇ ಹೊಸಬರಿಗೆ ಹತ್ತಲ್ಲ ಅನ್ನೋದಕ್ಕೆ.

ಕೊನೇದಾಗಿ, ನಮ್ಮ ಕಡೆ ಕಾಫಿ ರೇಟ್ ಗ್ರೂಪ್ ನಡೆಸೋರಿಗೆ ಒಂದು ಕೋರಿಕೆ. ನೀವು ದಿನಾ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ಹೀಗೆ ನಾಲ್ಕೂ ತರದ ಕಾಫಿ ರೇಟನ್ನ ಚಂದವಾಗಿ ಡಿಸೈನ್ ಮಾಡಿ ಫೋಟೋ ಹಾಕ್ತೀರ. ಅವನ ಫೋನ್ ಅದನ್ನ "ಫೋಟೋ" ಅಂತ ಓದುತ್ತೆ. ಇಷ್ಟು ವರ್ಷ ಬೆಳಿಗ್ಗೆ ಎದ್ದು ಮೊದಲು ನೋಡ್ತಿದ್ದಿದ್ದೇ ರೇಟ್ ಅವನು, ಈಗ್ಲೂ ಎದ್ದು ಮೊದಲು ಆ ಗ್ರೂಪಿಗೇ ಹೋಗ್ತಾನೆ. ಫೋಟೋ ಹಾಕಿ, ಕೆಳಗೆ 50 ಕೆಜಿಗೆ ಯಾವುದಕ್ಕೆ ಎಷ್ಟು ಅಂತ ನಾಲ್ಕು ಸಾಲು ಟೈಪೂ ಮಾಡಿ. ಒಬ್ರು ಆಗಲೇ ಶುರು ಮಾಡಿದಾರೆ, ಅವ್ರಿಗೆ ಅವನ ಪರವಾಗಿ ಥ್ಯಾಂಕ್ಸ್.