ಜೋರಿನ್ ಓಎಸ್ 18: ಕೋರ್ ಸಾಕೋ, ಪ್ರೊಗೆ ದುಡ್ಡು ಕೊಡಬೇಕೋ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಜೋರಿನ್ ಓಎಸ್ 18 ಬಿಡುಗಡೆಯಾದದ್ದೂ ಅದೇ ದಿನ, ಬೇಕೆಂದೇ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರಿನ ಕಂಪ್ಯೂಟರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲವಲ್ಲ, ಐರ್ಲೆಂಡಿನ ಜೋರಿನ್ ಕಂಪನಿಯ ಕಣ್ಣು ಅವುಗಳ ಮೇಲೆ. ಇದರ ಆವೃತ್ತಿಗಳಲ್ಲಿ ಕೋರ್ ಪುಕ್ಕಟೆ. ಪ್ರೊಗೆ ಸುಮಾರು 48 ಡಾಲರ್, ಅಂದರೆ ನಾಲ್ಕು ಸಾವಿರ ರೂಪಾಯಿ ದಾಟುತ್ತದೆ.

ದುಡ್ಡು ಕೊಟ್ಟರೆ ಹೆಚ್ಚು ಭದ್ರತೆ, ಹೆಚ್ಚು ವೇಗ ಸಿಗುತ್ತದೆ ಎಂದುಕೊಂಡವರೇ ಬಹಳ. ಹಾಗೇನಿಲ್ಲ. ಎರಡರ ಬುಡವೂ ಹಲವು ವರ್ಷ ಬೆಂಬಲವಿರುವ ಲಿನಕ್ಸ್ ಆವೃತ್ತಿಯಾದ ಉಬುಂಟು 24.04 ಎಲ್‌ಟಿಎಸ್. ಓಎಸ್‌ನ ತಿರುಳಾದ ಕರ್ನೆಲ್ ಒಂದೇ, ಅಪ್‌ಡೇಟ್ ಬರುವ ದಾರಿ ಒಂದೇ, 2029ರವರೆಗಿನ ಬೆಂಬಲದ ಭರವಸೆಯೂ ಒಂದೇ. ಪ್ರೊದಲ್ಲಿ ಹೆಚ್ಚಿಗೆ ಇರುವುದು ಮೂರು: ಮ್ಯಾಕ್‌ನಂತೆ, ಹಳೆಯ ವಿಂಡೋಸ್‌ನಂತೆ ಕಾಣುವ ಇನ್ನಷ್ಟು ಡೆಸ್ಕ್‌ಟಾಪ್ ವಿನ್ಯಾಸಗಳು, ಮೊದಲೇ ತುಂಬಿಸಿಟ್ಟ ಒಂದು ರಾಶಿ ಸಾಫ್ಟ್‌ವೇರ್, ಇನ್‌ಸ್ಟಾಲ್ ಮಾಡುವಾಗ ಕಂಪನಿಯವರ ನೆರವು. ಆ ರಾಶಿಯ ವಿಷಯ ಹೇಳುವುದಾದರೆ, 3ಡಿ, ಚಿತ್ರ, ವಿಡಿಯೊ ಕೆಲಸದ ಬ್ಲೆಂಡರ್, ಇಂಕ್‌ಸ್ಕೇಪ್, ಕೆಡೆನ್‌ಲೈವ್ ಥರದವೆಲ್ಲ ಕೋರ್‌ನ ಸಾಫ್ಟ್‌ವೇರ್ ಸ್ಟೋರಿನಲ್ಲೇ ಪುಕ್ಕಟೆ ಸಿಗುತ್ತವೆ. 128 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿಗೆ ಬಳಸದ ಸಾಫ್ಟ್‌ವೇರ್ ತುಂಬಿಸಿದರೆ ಜಾಗವಷ್ಟೇ ದಂಡ. ಉಳಿದದ್ದು ಅಲಂಕಾರ. ಅದಕ್ಕೆ ನಾಲ್ಕು ಸಾವಿರ ಹೆಚ್ಚಾಯಿತು. ದೇಣಿಗೆ ಎಂದುಕೊಂಡು ಕೊಟ್ಟರೆ ಬೇರೆ ಮಾತು. ಜೋರಿನ್ 19 ಬಂದಾಗ ಪ್ರೊ ಬೇಕೆಂದರೆ ಮತ್ತೆ ಕೊಳ್ಳಬೇಕಾಗುತ್ತದೆ, 17ರಿಂದ 18ಕ್ಕೆ ಬಂದವರಿಗೂ ಹಾಗೇ ಆಗಿದೆ.

ಹಾಗಾಗಿ ಕೋರ್‌ನಿಂದಲೇ ಶುರು ಮಾಡಿ. ಆಮೇಲೆ ಮನಸ್ಸಾದರೆ ಅದರಲ್ಲೇ ಇರುವ ಅಪ್‌ಗ್ರೇಡ್ ಆ್ಯಪ್‌ನಿಂದ ಪ್ರೊಗೆ ಹೋಗಬಹುದು, ಫೈಲು ಅಳಿಸಬೇಕಿಲ್ಲ. 2 ಜಿಬಿ ರ‍್ಯಾಮ್ ಸಾಕು ಎಂದು ಕಂಪನಿ ಹೇಳುತ್ತದೆ. ಡೆಸ್ಕ್‌ಟಾಪ್ ಬರುತ್ತದೆ ನಿಜ, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. 8 ಜಿಬಿ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಇರಲಿ. ಪ್ರೊಗೆ ಕೊಡುವ ದುಡ್ಡನ್ನು ಅದಕ್ಕೆ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

8 ಜಿಬಿ ಪೆನ್‌ಡ್ರೈವಿಗೆ ಬಲೇನಾ ಎಚರ್ ಎಂಬ ಸಾಫ್ಟ್‌ವೇರಿನಿಂದ ಜೋರಿನ್‌ನ ಐಎಸ್‌ಒ ಕಡತ ಬರೆದು, ಅದರಿಂದ ಕಂಪ್ಯೂಟರ್ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಒತ್ತಿ ಒಂದು ದಿನ ನೋಡಿ. ಎನ್ವಿಡಿಯಾ ಕಾರ್ಡ್ ಇದ್ದರೆ ಬೂಟ್ ಮೆನುವಿನಲ್ಲಿ ಅದರದೇ ಸಾಲಿದೆ, ಅದನ್ನು ಆರಿಸಿ. ಇಲ್ಲದಿದ್ದರೆ ಕೆಲವು ಕಾರ್ಡುಗಳಲ್ಲಿ ಕಪ್ಪು ಪರದೆಯೇ ಗತಿ. ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಮೊದಲು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಆಫ್ ಮಾಡದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಡಿ ಡ್ರೈವ್ ಜೋರಿನ್‌ನಲ್ಲಿ ತೆರೆಯುತ್ತದೆ, ಬರೆಯಲು ಮಾತ್ರ ಬಿಡುವುದಿಲ್ಲ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ನಿಭಾಯಿಸುವ ಇಂಟೆಲ್ ಆರ್‌ಎಸ್‌ಟಿ ಆನ್ ಆಗಿದೆಯೇ ನೋಡಿ. ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಹೊರಗಿನ ಡ್ರೈವರ್ ಹಾಕಿದರೆ ಪಾಸ್‌ವರ್ಡ್ ಒಂದನ್ನು ಕೇಳಿ, ರೀಬೂಟ್ ಆದಾಗ ನೀಲಿ ಪರದೆ ತೋರಿಸುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ‘ಕಂಟಿನ್ಯೂ’ ಒತ್ತಿದರೆ ಆ ಡ್ರೈವರ್ ಕೆಲಸ ಮಾಡುವುದಿಲ್ಲ.

ಕನ್ನಡ ಟೈಪಿಂಗ್ ಎರಡರಲ್ಲೂ ಅಷ್ಟೇ ಸಲೀಸು. ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸಗಳನ್ನು ಕೊಡುವ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಆಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಕೆಜಿಪಿ ಸೇರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಇದೇ ವಿನ್ಯಾಸ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಗುಬ್ಬಿ, ನವಿಲು ಫಾಂಟುಗಳೂ ಪ್ಯಾಕೇಜಾಗಿ ಸಿಗುತ್ತವೆ. ಯೂನಿಕೋಡ್ ಅಲ್ಲದ, ಹಳೆಯ ನುಡಿಯ ಆನ್ಸಿ ಕಡತಗಳು ಬೇರೆ ಕಥೆ: ಆ ಫಾಂಟು ನಕಲಿಸಿಕೊಂಡರೆ ಅಕ್ಷರ ಕಾಣುತ್ತದೆ, ಹುಡುಕಲು ಬರುವುದಿಲ್ಲ. ಯೂನಿಕೋಡಿಗೆ ಬದಲಾಯಿಸಿಕೊಂಡೇ ಬನ್ನಿ. ಪೇಜ್‌ಮೇಕರ್, ಕೋರೆಲ್‌ಡ್ರಾ, ಟ್ಯಾಲಿ ಮೇಲೆ ಅಂಗಡಿ ನಡೆಯುತ್ತಿದ್ದರೆ ಆ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡುವುದು ಮೇಲು.

ಪ್ರಿಂಟರ್ ವಿಷಯದಲ್ಲಿ ಪ್ರೊ ಕೊಂಡವರಿಗೂ ರಿಯಾಯಿತಿ ಇಲ್ಲ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಸಾಫ್ಟ್‌ವೇರಾದ ಎಚ್‌ಪಿಲಿಪ್ ಜೊತೆಗೆ ಅದರ ಪ್ಲಗಿನ್ ಬೇಕು. ಆ ಪ್ರಿಂಟರಿನ ಫರ್ಮ್‌ವೇರ್ ಒಳಗೆ ಉಳಿಯುವುದಿಲ್ಲ, ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನಿಂದ ಹೋಗಬೇಕು. ಪ್ಲಗಿನ್ ಇಲ್ಲದಿದ್ದರೆ ಕ್ಯೂನಲ್ಲಿ ಕೆಲಸ ಮುಗಿದಂತೆ ತೋರಿಸಿದರೂ ಕಾಗದ ಹೊರಗೆ ಬರುವುದಿಲ್ಲ. ಝೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಇನ್ನೂ ಹಟಮಾರಿ. ಅದು ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಭಾಷೆ ಆಡುತ್ತದೆ, ಲಿನಕ್ಸ್ ಡ್ರೈವರ್ ತೀರಾ ಹಳೆಯದು. ‘ಟ್ರೈ’ ಮಾಡುವ ದಿನವೇ ಒಂದು ಹಾಳೆ ಪ್ರಿಂಟ್ ತೆಗೆದು ನೋಡಿ.

ಪ್ರೊ ಒಮ್ಮೆ ಕೊಂಡರೆ ನಿಮ್ಮ ಸ್ವಂತದ ಎಷ್ಟು ಕಂಪ್ಯೂಟರಿಗಾದರೂ ಹಾಕಬಹುದು. ಆಫೀಸಿಗಾದರೆ ಯಂತ್ರಕ್ಕೊಂದರಂತೆ ಕೊಳ್ಳಬೇಕು. ಹತ್ತು ಕಂಪ್ಯೂಟರ್ ಇರುವ ಕಚೇರಿಗೆ ನಲವತ್ತು ಸಾವಿರ ಮೀರುವ ಬಾಬ್ತು ಅದು. ಕೋರ್ ಹಾಕಿಸಿ, ಲಿನಕ್ಸ್ ಬಲ್ಲ ಊರಿನ ಒಬ್ಬರಿಗೆ ವರ್ಷದ ನಿರ್ವಹಣೆ ಒಪ್ಪಿಸಿದರೆ ಅದರಲ್ಲೇ ಆಗುತ್ತದೆ, ಪ್ರಿಂಟರ್ ನಿಂತಾಗ ಅವರು ಬಂದೂ ನೋಡುತ್ತಾರೆ.