ಒಂದೇ ರಾಣಿ, ನಾಲ್ಕು ಪ್ರಿಂಟು: ರೇಷ್ಮೆ ರೇಷ್ಮೆಯಾಗಿ ಕಂಡಿದ್ದು ಯಾವುದರಲ್ಲಿ?

ಕಲಬುರಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತೇನೆ. ನಾಲ್ಕು ಮಷೀನು, ಒಂದು ಕಟಿಂಗ್ ಟೇಬಲ್, ಎದುರಿಗೆ ಒಂದು ಖಾಲಿ ಗೋಡೆ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಗುಲಾಬಿ ಹಿಡಿದು ನಿಂತ ಚಿತ್ರವನ್ನು ಆ ಗೋಡೆಗೆ ಹಾಕಬೇಕು ಅಂತ ಬಹಳ ದಿನದ ಆಸೆ. ಅದನ್ನು ಬರೆದವರು ಎಲಿಜಬೆತ್ ವಿಜೇ ಲೆ ಬ್ರೂನ್. ರಾಣಿಯ ಮೆಚ್ಚಿನ ಚಿತ್ರಗಾರ್ತಿ. ಇಬ್ಬರೂ ಹುಟ್ಟಿದ್ದು 1755ರಲ್ಲೇ.

ಹೊಲಿಗೆ ಕಲಿಯುವವರ ಮುಂದೆ ಇದೇ ಚಿತ್ರ ಯಾಕೆ ಅಂದರೆ, ಇದು ಹುಟ್ಟಿದ್ದೇ ಬಟ್ಟೆಯ ಜಗಳದಿಂದ. 1783ರ ಮೇ 31ರಂದು ಲೆ ಬ್ರೂನ್ ಫ್ರಾನ್ಸಿನ ರಾಜ ಚಿತ್ರಕಲಾ ಅಕಾಡೆಮಿಗೆ ಸೇರಿದರು. ಹೆಂಗಸರಿಗೆ ಅಲ್ಲಿ ಇದ್ದಿದ್ದು ನಾಲ್ಕೇ ಜಾಗ. ಅದೇ ವರ್ಷ ಪ್ಯಾರಿಸ್‌ನ ಲೂವ್ರ್‌ನಲ್ಲಿ ಅಕಾಡೆಮಿಯ ಪ್ರದರ್ಶನ ನಡೆಯಿತು. ಅಲ್ಲಿ ಅವರು ಇಟ್ಟ ಚಿತ್ರದಲ್ಲಿ ರಾಣಿ ತೆಳುವಾದ ಬಿಳಿ ಮಸ್ಲಿನ್ ಗೌನು, ಹುಲ್ಲಿನ ಟೋಪಿ ಹಾಕಿದ್ದಳು. ಒಡವೆ ಇಲ್ಲ. ರಾಣಿಯನ್ನು ಒಳಂಗಿಯಲ್ಲಿ ನಿಲ್ಲಿಸಿದ್ದಾರೆ ಅಂತ ಜನ ಸಿಟ್ಟಾದರು. ಫ್ರಾನ್ಸಿನ ರೇಷ್ಮೆ ಬಿಟ್ಟು ಹೊರಗಿನ ಹತ್ತಿ ಬಟ್ಟೆ ಉಟ್ಟಳು ಅನ್ನೋ ಮಾತೂ ಬಂತು. ಚಿತ್ರವನ್ನು ಕೆಳಗಿಳಿಸಬೇಕಾಯಿತು. ಅದರ ಬದಲಿಗೆ ಬಂದಿದ್ದೇ ಈ ಚಿತ್ರ. ಹೆಚ್ಚುಕಡಿಮೆ ಅದೇ ನಿಲುವು, ಕೈಯಲ್ಲಿ ಅದೇ ಗುಲಾಬಿ. ಬಟ್ಟೆ ಮಾತ್ರ ಬೇರೆ. ಬೂದಿ ಬೆರೆತ ನೀಲಿ ರೇಷ್ಮೆ, ತೋಳಿಗೆ ಲೇಸು, ಕೊರಳಿಗೆ ಎರಡೆಳೆ ಮುತ್ತು.

ಹಾಗಾಗಿ ಪ್ರಿಂಟಿನಲ್ಲಿ ಆ ರೇಷ್ಮೆ ರೇಷ್ಮೆಯಾಗಿ ಕಾಣದಿದ್ದರೆ ನನಗೆ ಬೇಡ. ನಾಲ್ಕು ಥರ ಮಾಡಿಸಿದೆ. ಒಂದೊಂದಾಗಿ ಗೋಡೆಗೆ ಅಂಟಿಸಿ, ಹುಡುಗಿಯರಿಗೆ ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವ ಬಟ್ಟೆ?

ಮೊದಲು ಫೈಲಿನ ವಿಷಯ. ಲೆ ಬ್ರೂನ್ ತೀರಿಕೊಂಡಿದ್ದು 1842ರಲ್ಲಿ. ಚಿತ್ರದ ಮೇಲೆ ಈಗ ಯಾರ ಹಕ್ಕೂ ಇಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಸುಮ್ನೆ ಇಳಿಸಿಕೊಳ್ಳಬಹುದು. ಆದರೆ ಒಂದೇ ಚಿತ್ರದ ಫೈಲುಗಳು ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತವೆ. ಒಂದರಲ್ಲಿ ಮುಖ ಅರಿಶಿನ ಹಚ್ಚಿದಂತೆ, ಇನ್ನೊಂದರಲ್ಲಿ ಚಳಿ ಹಿಡಿದಂತೆ ನೀಲಿ. ನಾನು ತೋಳಿನ ಲೇಸು ನೋಡಿ ಆರಿಸಿದೆ. ಲೇಸು ಬಿಳಿಯಾಗಿದ್ದು, ಅದರ ತೂತುಗಳಲ್ಲಿ ಒಳಗಿನ ನೆರಳು ಕಾಣಬೇಕು. 12×16 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ 3600×4800 ಪಿಕ್ಸೆಲ್ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಲೇಸು ಕಲಸಿಹೋಗುತ್ತದೆ.

ಮೊದಲನೆಯದು ಜೆರಾಕ್ಸ್, ವಿಸಿಟಿಂಗ್ ಕಾರ್ಡ್ ಮಾಡುವ ಅಂಗಡಿಯ ಡಿಜಿಟಲ್ ಪ್ರಿಂಟ್. ದಪ್ಪ ಹಾಳೆ, ಮೇಲೆ ಹೊಳೆಯುವ ಲ್ಯಾಮಿನೇಷನ್, 70 ರೂಪಾಯಿ. ಹತ್ತು ನಿಮಿಷದಲ್ಲಿ ಕೈಗೆ ಬಂತು. ಆದರೆ ಅಲ್ಲಿ ಸಿಗುವ ಅಳತೆ 12×18. ವರ್ಸೇಲ್ಸ್ ಅರಮನೆಯಲ್ಲಿರುವ ಮೂಲ ಚಿತ್ರ ಸುಮಾರು 116 ಸೆಂಟಿಮೀಟರ್ ಎತ್ತರ, 88 ಅಗಲ. 12×18 ತುಂಬಬೇಕು ಅಂದರೆ ಎರಡೂ ಪಕ್ಕ ಕತ್ತರಿಸಲೇಬೇಕು. ರಾಣಿಯ ಗೌನಿನ ಅಗಲವೇ ಹೋಯಿತು. ಅಷ್ಟು ಮೀಟರ್ ಬಟ್ಟೆಯ ಗೌನು ಕಿರಿದಾಗಿ ಕಂಡರೆ ಹೊಲಿಯುವವರ ಮನಸ್ಸಿಗೆ ನೋವಾಗಲ್ವಾ? ಮೇಲೆ ಟ್ಯೂಬ್‌ಲೈಟ್ ಹಾಕಿದರೆ ರಾಣಿಯ ಎದೆಯ ಮೇಲೆ ಉದ್ದಕ್ಕೆ ಒಂದು ಬಿಳಿ ಗೀಟು. ಹುಡುಗಿಯರ ಉತ್ತರ ತಕ್ಷಣ ಬಂತು: "ಸ್ಯಾಟಿನ್ ಅದರೀ ಮೇಡಂ."

ಅವರು ಹೇಳಿದ್ದು ಸರಿ. ರೇಷ್ಮೆಯ ಮಡಿಕೆ ನೋಡಿ. ಏಣಿನ ಮೇಲೆ ಸಣ್ಣ ಬಿಳಿ ಗೆರೆ, ಅದರ ಪಕ್ಕ ಮೆತ್ತನೆಯ ಬೂದಿ, ಆಮೇಲೆ ನೀಲಿ. ಲೆ ಬ್ರೂನ್ ಅವರ ಕೈಚಳಕವೆಲ್ಲ ಆ ನಡುವಿನ ಬೂದಿಯಲ್ಲೇ ಇದೆ. ಇಲ್ಲಿ ಅದು ಮಾಯ. ಬಿಳಿಯಿಂದ ಸೀದಾ ನೀಲಿಗೆ ಹಾರಿದೆ.

ಹೊಳಪು ಎಲ್ಲ ಚಿತ್ರಕ್ಕೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1916ರಲ್ಲಿ ನಮ್ಮ ಊರಲ್ಲೇ ಹುಟ್ಟಿದ ಎಸ್. ಎಂ. ಪಂಡಿತರ ದೇವರ ಚಿತ್ರಗಳನ್ನು ಕ್ಯಾಲೆಂಡರಿನಲ್ಲೇ ನೋಡಿ ಬೆಳೆದವಳು ನಾನು. ಆ ಗಟ್ಟಿ ಬಣ್ಣಗಳಿಗೆ ಹೊಳಪು ಒಪ್ಪುತ್ತದೆ. ಈ ಬೂದಿ ನೀಲಿಗೆ ಒಪ್ಪಲ್ಲ.

ಎರಡನೆಯದು ಮದುವೆ ಫೋಟೋ ಮಾಡುವ ಕಲರ್ ಲ್ಯಾಬಿನದು. 12×16, ಮ್ಯಾಟ್ ಪೇಪರ್, 280 ರೂಪಾಯಿ. ಈ ಅಳತೆಯಲ್ಲಿ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ. ಕೆನ್ನೆಯ ಕೆಂಪು, ಮುತ್ತಿನ ಮೇಲಿನ ಚುಕ್ಕಿ ಬೆಳಕು ಚೆನ್ನಾಗಿ ಬಂದಿದ್ದವು. ಬೂದಿಯೂ ಮುಕ್ಕಾಲು ಪಾಲು ಉಳಿದಿತ್ತು. ಒಂದು ಮಾತು ನೆನಪಿಡಿ. ಆರ್ಡರ್ ಕೊಡುವಾಗಲೇ "ಕರೆಕ್ಷನ್ ಮಾಡಬೇಡಿ" ಅಂತ ಹೇಳಿ. ಮೊದಲ ಸಲ ಹೇಳಿರಲಿಲ್ಲ. ಮದುಮಗಳ ಮುಖ ಬೆಳ್ಳಗೆ ಮಾಡುವ ಹಾಗೆ ರಾಣಿಯ ಮುಖವನ್ನೂ ಬೆಳ್ಳಗೆ ಮಾಡಿದ್ದರು. ಎರಡನೇ ಪ್ರಿಂಟಿಗೆ ಹುಡುಗಿಯರಲ್ಲಿ ಅರ್ಧ ಜನ ರೇಷ್ಮೆ ಅಂದರು, ಅರ್ಧ ಜನ ಆರ್ಟ್ ಸಿಲ್ಕ್, ಅಂದರೆ ನಕಲಿ ರೇಷ್ಮೆ, ಅಂದರು.

ಮೂರನೆಯದು ಆನ್‌ಲೈನ್‌ನಲ್ಲಿ ತರಿಸಿದ ಕ್ಯಾನ್ವಾಸ್. 18×24, 1,450 ರೂಪಾಯಿ. ನಾನು ಜಾಸ್ತಿ ಆಸೆ ಇಟ್ಟಿದ್ದು ಇದರ ಮೇಲೆ. ಮೂಲವೂ ಕ್ಯಾನ್ವಾಸ್ ಮೇಲಿನ ತೈಲಚಿತ್ರ ಅಲ್ವಾ. ಬಂದಾಗ ನಿರಾಸೆಯಾಯಿತು. ಚಿತ್ರದ ಅಂಚನ್ನೇ ಮರದ ಚೌಕಟ್ಟಿನ ಪಕ್ಕಕ್ಕೆ ಮಡಚಿ ಪಿನ್ ಹೊಡೆದಿದ್ದರು. ಎಲ್ಲ ಕಡೆ ಒಂದೊಂದು ಇಂಚಿಗಿಂತ ಜಾಸ್ತಿ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ನೇಯ್ಗೆಯದು. ಆ ಬಟ್ಟೆಯ ಎಳೆ ಲೇಸಿನ ಎಳೆಗಿಂತ ದಪ್ಪ. ಹತ್ತಿರ ಹೋದರೆ ಕಾಣುವುದು ಲೇಸಲ್ಲ, ಕ್ಯಾನ್ವಾಸಿನ ಜಾಲರಿ. ಒಬ್ಬಳು "ಖಾದಿ" ಅಂದಳು. ಹತ್ತಡಿ ದೂರದಿಂದ ನೋಡುವ ಹಾಲ್ ಇದ್ದರೆ ಸರಿ, ಗ್ಲಾಸೂ ಬೇಕಿಲ್ಲ. ಬೇಕಿದ್ದರೆ ಅಂಚಿಗೆ ಖಾಲಿ ಕ್ಯಾನ್ವಾಸ್ ಬಿಡಿ ಅಂತ ಮೊದಲೇ ಹೇಳಿ.

ನಾಲ್ಕನೆಯದು ಹೈದರಾಬಾದಿನಲ್ಲಿ ಮಾಡಿಸಿದ್ದು. ಹತ್ತಿಯ ನಾರಿನಿಂದ ಮಾಡಿದ ದಪ್ಪ ಮ್ಯಾಟ್ ಕಾಗದ, ಪಿಗ್ಮೆಂಟ್ ಇಂಕು (ಬಣ್ಣದ ನುಣ್ಣನೆ ಪುಡಿಯಿಂದ ಮಾಡಿದ್ದು). 12×16 ಚಿತ್ರ, ಸುತ್ತ ಒಂದಿಂಚು ಬಿಳಿ ಅಂಚು, 1,200 ರೂಪಾಯಿ. ಕೊಳವೆಯಿಂದ ಬಿಚ್ಚಿದಾಗ ಮೊದಲು ಸಪ್ಪೆ ಅನ್ನಿಸಿತು. ಗೋಡೆಗೆ ಹಚ್ಚಿ ಕಿಟಕಿ ತೆಗೆದೆ. ಬೆಳಕು ಯಾವ ಕಡೆಯಿಂದ ಬಿದ್ದರೂ ಕಾಗದ ಹೊಳೆಯಲಿಲ್ಲ. ಹೊಳೆದಿದ್ದು ಚಿತ್ರದೊಳಗಿನ ಬಟ್ಟೆ. ಮಡಿಕೆಯಲ್ಲಿ ಬಿಳಿ, ಬೂದಿ, ನೀಲಿ ಮೂರೂ ಬೇರೆ ಬೇರೆ. ಕೇಳುವ ಮೊದಲೇ ಹಿಂದಿನ ಮಷೀನಿನ ಹುಡುಗಿ "ರೇಷ್ಮಿ" ಅಂದಳು.

ಬಿಸಿಲಿನ ಪರೀಕ್ಷೆಯನ್ನೂ ಮಾಡಿದೆ. ನಮ್ಮ ಊರಿನ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ಲ್ಯಾಬ್ ಪ್ರಿಂಟು ಮತ್ತು ಹೈದರಾಬಾದ್ ಪ್ರಿಂಟಿನ ತುಂಡುಗಳಿಗೆ ಅರ್ಧ ರಟ್ಟು ಮುಚ್ಚಿ, ಪಡುವಣ ಕಿಟಕಿಯಲ್ಲಿ ಎರಡು ತಿಂಗಳು ಇಟ್ಟೆ. ಲ್ಯಾಬಿನದರಲ್ಲಿ ಗುಲಾಬಿಯ ಕೆಂಪು ಸ್ವಲ್ಪ ಇಳಿದಿತ್ತು. ಇನ್ನೊಂದರಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಕಟ್ಟು ಹಾಕಿಸಲು ಸೂಪರ್ ಮಾರ್ಕೆಟ್ ಕಡೆಯ ಫ್ರೇಮ್ ಅಂಗಡಿಗೆ ಹೋದೆ. ಗ್ಲಾಸನ್ನು ಪ್ರಿಂಟಿಗೆ ಒತ್ತಿ ಕೂಡಿಸಿ ಅಂದೆ. ಅಜ್ಜ ಒಪ್ಪಲಿಲ್ಲ. "ಅಕ್ಕಾರ, ಹಂಗ ಮಾಡಬ್ಯಾಡ್ರಿ. ಮಳಿಗಾಲದಾಗ ಹಸಿ ಹಿಡದು ಗ್ಲಾಸಿಗೇ ಅಂಟತದ. ನಡಕ ಮೌಂಟ್ ಹಾಕ್ರಿ." ಗ್ಲಾಸಿಗೂ ಪ್ರಿಂಟಿಗೂ ನಡುವೆ ಎರಡಿಂಚಿನ ಮೌಂಟ್, ಅಂದರೆ ರಟ್ಟಿನ ಅಂಚು, ಹಾಕಿಸಿದೆ. ಕಾಗದಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ಕೊನೆಗೆ ಗೋಡೆಗೆ ಹೋಗಿದ್ದು ನಾಲ್ಕನೆಯದೇ. ಅಷ್ಟು ದುಡ್ಡು ಹಾಕಲು ಆಗಲ್ಲ ಅನ್ನುವವರು ಲ್ಯಾಬಿನ ಮ್ಯಾಟ್ ಪ್ರಿಂಟ್ ತಗೊಳ್ಳಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಕ್ಯಾನ್ವಾಸಿಗೆ ಕೊಡುವ ದುಡ್ಡಿನಲ್ಲಿ ಲ್ಯಾಬ್ ಪ್ರಿಂಟೂ ಬರುತ್ತದೆ, ಒಳ್ಳೆಯ ಕಟ್ಟೂ ಬರುತ್ತದೆ.

ಮುಂದಿನ ತಿಂಗಳು ಆ ಬಿಳಿ ಮಸ್ಲಿನ್ ಚಿತ್ರವನ್ನೂ ಇದೇ ಕಾಗದದಲ್ಲಿ, ಇದೇ ಅಳತೆಯಲ್ಲಿ ಮಾಡಿಸುತ್ತೇನೆ. ಗೋಡೆಯಲ್ಲಿ ಪಕ್ಕದ ಮೊಳೆಯನ್ನು ಈಗಲೇ ಹೊಡೆದಿಟ್ಟಿದ್ದೇನೆ.